ದಾ ನಾಂಗ್ ವಿಮಾನಕ್ಕಿಂತ ಮೊದಲು ಮಸ್ಕಿ ಬಸ್ಸು ಹತ್ತು

ವಿಯೆಟ್ನಾಂಗೆ ಟಿಕೆಟ್ ತೆಗೆಸಿದ್ದೀಯಂತೆ. ಸಂತೋಷ. ನಿನ್ನ ವಯಸ್ಸಿನಲ್ಲಿ ನಮಗೆ ಹೈದರಾಬಾದೇ ಪರದೇಶ ಆಗಿತ್ತು. ಹೋಗಿ ಬಾ. ದಾ ನಾಂಗ್ ಸಮುದ್ರ ನೋಡು, ಹೊಯ್ ಆನ್ ಪೇಟೆಯ ಬಣ್ಣದ ಲಾಟೀನು ನೋಡು, ಬೇಕಾದಷ್ಟು ಫೋಟೊ ತೆಗೆದುಕೋ. ಬೇಡ ಅನ್ನುವ ಮುದುಕ ನಾನಲ್ಲ.

ಆದರೆ ಒಂದು ಮಾತು. ಅಲ್ಲಿ ನೀನು ಇಳಿದುಕೊಳ್ಳುವ ಮನೆಯ ಯಜಮಾನಿ ಸಂಜೆ ಚಹಾ ಕೊಟ್ಟು, ನಿಮ್ಮ ಊರಲ್ಲಿ ಏನೇನಿದೆ ಅಂತ ಕೇಳಿಯೇ ಕೇಳುತ್ತಾಳೆ. ಭಾಷೆ ಬರದಿದ್ದರೆ ಮೊಬೈಲಿನ ಕೈಲಿ ಕೇಳಿಸುತ್ತಾಳೆ. ನೀನು ಏನು ಹೇಳುತ್ತೀ ಅಂತ ನನಗೆ ಈಗಲೇ ಗೊತ್ತು: "ಏನಿಲ್ರೀ ನಮ್ಮೂರಾಗ. ಬಿಸಿಲೈತಿ, ರೈಸ್ ಮಿಲ್ ಅದಾವ." ಬೆಂಗಳೂರಿನ ಗೆಳೆಯರು ಸಿಂಧನೂರು ಎಲ್ಲಿದೆ ಅಂದಾಗಲೂ ನೀನು ಹೀಗೇ ಅಂದೆ, ನಾನು ಬಾಗಿಲ ಹಿಂದೆಯೇ ಇದ್ದೆ. ಹಿತ್ತಲ ಗಿಡದ ಗಾದೆಯನ್ನು ನಾನು ಹೇಳುವುದಿಲ್ಲ, ಅದನ್ನು ನಿನಗೆ ಎಲ್ಲ ಮಾಸ್ತರರೂ ಹೇಳಿರುತ್ತಾರೆ. ನಾನು ಹೇಳುವುದು ಇಷ್ಟೇ: ಪರಊರಿಗೆ ಬರಿಗೈಲಿ ಹೋಗಬೇಡ. ಕೊಡಲಿಕ್ಕೆ ಒಂದು ಮಾತು ಇದ್ದವನಿಗೆ ಅಲ್ಲಿಯವರೂ ಹತ್ತು ಮಾತು ಕೊಡುತ್ತಾರೆ. ಇನ್ನೂ ತಿಂಗಳುಗಟ್ಟಲೆ ಟೈಮಿದೆ. ಮೊದಲು ಇಲ್ಲಿಯದನ್ನು ನೋಡಿ ಕಲಿ.

ಮಸ್ಕಿಯಿಂದ ಶುರು ಮಾಡು. ಸಿಂಧನೂರಿನಿಂದ ಲಿಂಗಸುಗೂರಿಗೆ ಹೋಗುವ ಹೆದ್ದಾರಿ ಆ ಊರನ್ನು ಹಾದೇ ಹೋಗುತ್ತದೆ. ಬಸ್ಸು ನಿಂತಾಗ ಕಿಟಕಿಯಿಂದ ಕೈ ಚಾಚಿ ಮಿರ್ಚಿ ಕೊಂಡಿದ್ದೀಯ, ತಲೆ ಎತ್ತಿ ಗುಡ್ಡ ನೋಡಿಲ್ಲ. ಆ ದುರ್ಗದ ಗುಡ್ಡದ ಒಂದು ಬಂಡೆಯ ಮೇಲೆ ಕೆಲವೇ ಸಾಲು ಬ್ರಾಹ್ಮಿ ಅಕ್ಷರ ಇವೆ. ಪ್ರಾಕೃತ ಭಾಷೆ, ಕ್ರಿಸ್ತಪೂರ್ವ ಮೂರನೇ ಶತಮಾನದ್ದು. ಅದರ ಕತೆ ನಿನ್ನ ಪತ್ತೇದಾರಿ ಸಿನಿಮಾಕ್ಕಿಂತ ಚಲೋ ಇದೆ, ಕೇಳು.

1837ರಲ್ಲಿ ಜೇಮ್ಸ್ ಪ್ರಿನ್ಸೆಪ್ ಅನ್ನುವವನು ಬ್ರಾಹ್ಮಿ ಲಿಪಿಯನ್ನು ಬಿಡಿಸಿ ಓದಿದ. ದೇಶದ ಉದ್ದಗಲಕ್ಕೂ ಕಂಬ, ಬಂಡೆಗಳ ಮೇಲೆ ಒಬ್ಬ ರಾಜನ ಮಾತು ಸಿಕ್ಕಿತು. ಆದರೆ ಆ ರಾಜ ತನ್ನನ್ನು ಕರೆದುಕೊಂಡದ್ದು ದೇವಾನಾಂಪ್ರಿಯ, ಪ್ರಿಯದರ್ಶಿ ಅಂತ. ಯಾರಪ್ಪ ಇವನು? ಸಿಂಹಳದ ಬೌದ್ಧ ಗ್ರಂಥಗಳನ್ನು ತಿರುವಿದವರು ಇವನು ಅಶೋಕನೇ ಇರಬೇಕು ಅಂದರು. ಇರಬೇಕು, ಅಷ್ಟೇ. ಕಲ್ಲು ಹೆಸರು ಹೇಳಿರಲಿಲ್ಲ. ಹೀಗೇ ಮುಕ್ಕಾಲು ಶತಮಾನ ಕಳೆಯಿತು. 1915ರಲ್ಲಿ ಬೀಡನ್ ಎಂಬ ಚಿನ್ನದ ಗಣಿಯ ಎಂಜಿನಿಯರನ ಕಣ್ಣಿಗೆ ಮಸ್ಕಿಯ ಈ ಬಂಡೆ ಬಿತ್ತು. ಎಚ್. ಕೃಷ್ಣಶಾಸ್ತ್ರಿಗಳು ಅದನ್ನು ಓದಿದರು. ದೇವಾನಾಂಪ್ರಿಯನ ಪಕ್ಕದಲ್ಲೇ ಅಶೋಕ ಅನ್ನುವ ಹೆಸರು ಕೂತಿತ್ತು. ನಮ್ಮ ಸೀಮೆಯ ಕಲ್ಲು ಸಾಕ್ಷಿ ಹೇಳಿದ ಮೇಲೆ ಪಂಡಿತರ ಅನುಮಾನ ತೀರಿತು.

ಇಲ್ಲೊಂದು ಎಚ್ಚರಿಕೆ ಬೇಕು, ಯಾಕೆಂದರೆ ನಿನಗೆ ಜಂಬ ಬೇಗ ಏರುತ್ತದೆ. ಆಮೇಲೆ ಮಧ್ಯಪ್ರದೇಶದ ಗುಜರ್ರಾದಲ್ಲಿ, ನಮ್ಮದೇ ಬಳ್ಳಾರಿ ಸೀಮೆಯ ನಿಟ್ಟೂರು, ಉಡೇಗೊಳಂನಲ್ಲೂ ಈ ಹೆಸರು ಸಿಕ್ಕಿದೆ. ಜಗತ್ತಿಗೆಲ್ಲ ಇದೊಂದೇ ಅಂತ ಪರದೇಶದಲ್ಲಿ ಕೊಚ್ಚಬೇಡ. ಮೊದಲು ಸಿಕ್ಕಿದ್ದು ನಮ್ಮದು ಅನ್ನು. ಅಷ್ಟಕ್ಕೇ ಸಾಕಾಗುತ್ತದೆ.

ಅಲ್ಲಿ ಬರೆದಿರುವುದೂ ದೊಡ್ಡಸ್ತಿಕೆಯ ಮಾತಲ್ಲ. ಗೆದ್ದ ದೇಶಗಳ ಪಟ್ಟಿ ಇಲ್ಲ. ತಾನು ಎರಡೂವರೆ ವರ್ಷಕ್ಕೂ ಹೆಚ್ಚು ಕಾಲದಿಂದ ಬುದ್ಧನ ಉಪಾಸಕ, ಧರ್ಮದಲ್ಲಿ ನಡೆದರೆ ಸಣ್ಣವರಿಗೂ ಎತ್ತರದ ಗತಿ ಸಿಗುತ್ತದೆ, ಅದು ದೊಡ್ಡವರಿಗೆ ಮಾತ್ರ ಅಂದುಕೊಳ್ಳಬೇಡಿ, ಈ ಮಾತನ್ನು ದೊಡ್ಡವರಿಗೂ ಸಣ್ಣವರಿಗೂ ಹೇಳಿ ಅಂತ ರಾಜ ಹೇಳಿಸಿದ್ದಾನೆ. ಪಾಟಲಿಪುತ್ರದ ಒಡೆಯ ಮಸ್ಕಿಯ ಸಣ್ಣ ಮಂದಿಗೆ ಕಳಿಸಿದ ಮಾತು. ಅದನ್ನು ಓದಿ ತಿಳಿದುಕೊಂಡು ಹೋಗು, ಇಲ್ಲದಿದ್ದರೆ ಬರಿ ಗೀರು ಕಾಣುತ್ತವೆ.

ಬೆಳಿಗ್ಗೆ ಹೋಗು. ಬಿಸಿಲು ಓರೆಯಾಗಿ ಬಿದ್ದರೆ ಅಕ್ಷರ ಎದ್ದು ಕಾಣುತ್ತವೆ, ನೆತ್ತಿಗೆ ಬಂದರೆ ಅಕ್ಷರವೂ ಮಾಯ, ನಿನ್ನ ಉತ್ಸಾಹವೂ ಮಾಯ. ಚಂದ ಕಾಣಲಿ ಅಂತ ನೀರು ಚೆಲ್ಲಬೇಡ, ಸುಣ್ಣದ ಕಡ್ಡಿ ಆಡಿಸಬೇಡ, ಮುಟ್ಟಬೇಡ. ಅಶೋಕ ಬರೆದ, ನಾನೂ ಬರೀತೀನಿ ಅನ್ನುವ ಅಶೋಕರು ನಮ್ಮಲ್ಲಿ ಬಹಳ ಆಗಿದ್ದಾರೆ. ಗುಡ್ಡಗಳ ಮೇಲೆ ಅವರ ಹೆಸರು, ಅವರು ಪ್ರೀತಿಸಿದವಳ ಹೆಸರು, ನಡುವೆ ಬಾಣ ಚುಚ್ಚಿದ ಹೃದಯ. ಆ ಹುಡುಗಿಗಾದರೂ ಮರ್ಯಾದೆ ಬೇಡವಾ?

ಮಸ್ಕಿ ಅಶೋಕನಿಗೇ ಶುರುವಾದ ಊರಲ್ಲ. ರಾಬರ್ಟ್ ಬ್ರೂಸ್ ಫೂಟ್ ಹತ್ತೊಂಬತ್ತನೇ ಶತಮಾನದಲ್ಲೇ ಇಲ್ಲಿ ಸುತ್ತಾಡಿ ಹಳೆಯ ಕಲ್ಲಿನ ಆಯುಧ ಗುರುತಿಸಿದ್ದ. 1954ರಲ್ಲಿ ಬಿ.ಕೆ. ಥಾಪರ್ ಅಗೆಸಿದಾಗ ನವಶಿಲಾಯುಗದವರು, ಆಮೇಲೆ ಕಬ್ಬಿಣ ಬಲ್ಲವರು, ಆಮೇಲಿನವರು, ಹೀಗೆ ಪದರಪದರವಾಗಿ ಊರುಗಳೇ ಸಿಕ್ಕವು. ಇಂಥ ನೆಲದಲ್ಲಿ ಮಳೆ ಹೊಯ್ದ ಮೇಲೆ ಹೊಲದಲ್ಲಿ ಮಣಿಯೋ ಮಡಕೆ ಚೂರೋ ಕಣ್ಣಿಗೆ ಬೀಳುವುದುಂಟು. ಕಂಡರೆ ನೋಡು, ಅಲ್ಲೇ ಬಿಡು. ಜೇಬಿಗೆ ಬಿದ್ದ ಮಣಿ ನಿಮ್ಮ ಮನೆ ಶೋಕೇಸಿನಲ್ಲಿ ಧೂಳು ತಿನ್ನುತ್ತದೆ. ಹೊಲದಲ್ಲಿದ್ದರೆ ತಿಳಿದವರಿಗೆ ಏನೋ ಒಂದು ಹೇಳುತ್ತದೆ. ಇನ್ನು ನಿಧಿ ಹುಡುಕುವ ದೋಸ್ತಿಗಳಿದ್ದರೆ ಈಗಲೇ ಕೈಬಿಡು. ಅವರು ಒಡೆದ ಗುಡಿಗಳನ್ನು ಎಣಿಸುತ್ತ ಕೂತರೆ ಹೊಟ್ಟೆ ಉರಿಯುತ್ತದೆ.

ಕಲ್ಲು ನೋಡಿ ಇಳಿದ ಮೇಲೆ ಮಲ್ಲಿಕಾರ್ಜುನನ ಬೆಟ್ಟ ಹತ್ತು. ಎರಡನೇ ಶ್ರೀಶೈಲ ಅಂತ ಜನ ಕರೆಯುವ ಜಾಗ. ಮೇಲೆ ಕೂತು ಊರನ್ನು ನೋಡು. ಕಾಲುವೆ ನೀರು ಹರಿದ ಕಡೆ ಹಸಿರು, ಹರಿಯದ ಕಡೆ ಎರೆಹೊಲ. ನಮ್ಮ ಸೀಮೆಯ ಅರ್ಧ ಜಗಳ, ಅರ್ಧ ರಾಜಕೀಯ ಅಲ್ಲಿಂದಲೇ ಕಾಣುತ್ತದೆ.

ಹಟ್ಟಿಯ ಚಿನ್ನದ ಗಣಿಯೊಳಗೆ ನಿನ್ನನ್ನು ಬಿಡುವುದಿಲ್ಲ, ಗೇಟಿನಲ್ಲಿ ವಾದ ಮಾಡಬೇಡ. ಆದರೆ ಆ ದಾರಿಯಲ್ಲಿ ಹೋದಾಗ ಇದು ಗೊತ್ತಿರಲಿ: ಸುಮಾರು ಎರಡು ಸಾವಿರ ವರ್ಷದ ಹಿಂದೆಯೇ ಅಲ್ಲಿ ನಮ್ಮವರು ಬೆಂಕಿ ಹಾಕಿ ಬಂಡೆ ಸೀಳಿ, ಆರುನೂರು ಅಡಿಯಷ್ಟು ಆಳಕ್ಕೆ ಇಳಿದಿದ್ದರು. ಕೋಲಾರದ ಗಣಿ 2001ರಲ್ಲಿ ಮುಚ್ಚಿತು, ಹಟ್ಟಿ ಇನ್ನೂ ನಡೆದಿದೆ. ಮುದಗಲ್ ಹತ್ತಿರದ ಪಿಕ್ಲಿಹಾಳವನ್ನು ಹಳೆಯ ಕಾಲದ ಕಲ್ಲು-ದನಗಳ ಹುಚ್ಚು ಹಿಡಿದರೆ ಮಾತ್ರ ನೋಡು. 1952ರಲ್ಲಿ ರೇಮಂಡ್ ಆಲ್ಚಿನ್ ಅಲ್ಲಿ ಅಗೆದು, ದನ ಸಾಕಿ ಬದುಕಿದ ನಮ್ಮ ನವಶಿಲಾಯುಗದ ಜನರ ಚರಿತ್ರೆ ಬರೆದ. ಬಂಡೆಗಳ ಮೇಲೆ ಅವರು ಗೀರಿದ ಹೋರಿಗಳಿವೆ. ಊರಿನ ದನಗಾಹಿಯನ್ನು ಜೊತೆಗೆ ಕರೆದುಕೋ, ಗೂಗಲ್ ಮ್ಯಾಪು ಆ ಬಂಡೆಗಳನ್ನು ತೋರಿಸುವುದಿಲ್ಲ. ಅವನ ಕೂಲಿ ತಪ್ಪಿಸಿದ್ದಕ್ಕೆ ದುಡ್ಡು ಕೊಡು. ಸೆಲ್ಫಿ ಕೊಟ್ಟು ಕಳಿಸಬೇಡ.

ಜಲದುರ್ಗದ ಬಗ್ಗೆ ಒಂದೇ ಮಾತು. ಕೃಷ್ಣೆ ಎರಡು ಸೀಳಾಗಿ ಸುತ್ತುವರಿದ ನಡುಗಡ್ಡೆಯ ಕೋಟೆ, ಕಣ್ಣಿಗೆ ಹಬ್ಬ. ಆದರೆ ನಾರಾಯಣಪುರ ಅಣೆಕಟ್ಟಿನಿಂದ ನೀರು ಬಿಟ್ಟಾಗ ಶೀಲಹಳ್ಳಿ ಸೇತುವೆ ಮುಳುಗುತ್ತದೆ. ಮಳೆಗಾಲದಲ್ಲಿ ಹೊರಡುವ ಮುಂಚೆ ಕೇಳಿಕೊಂಡು ಹೋಗು. ಊರಿನವರು ಬೇಡ ಅಂದರೆ ಬೇಡ. ಬೈಕಿನ ಧೈರ್ಯ ಹೊಳೆಗೆ ಗೊತ್ತಾಗುವುದಿಲ್ಲ.

ಈಗ ಮುದಗಲ್. ಇಲ್ಲಿ ನಾನು ಸ್ವಲ್ಪ ಉದ್ದ ಮಾತಾಡುತ್ತೇನೆ, ಮೊಬೈಲು ಕೆಳಗಿಡು. ನಮ್ಮ ತಂಗಿಯನ್ನು ಆ ಊರಿಗೆ ಕೊಟ್ಟಿದ್ದೆವು, ಹೀಗಾಗಿ ಕೋಟೆಯೂ ಹಬ್ಬವೂ ನನಗೆ ಬೀಗರ ಮನೆಯ ಸಂಗತಿ.

ಕೃಷ್ಣೆ, ತುಂಗಭದ್ರೆಯ ನಡುವಿನ ಈ ದೋಆಬಿಗಾಗಿ ಬಹಮನಿಯವರು, ವಿಜಯನಗರದವರು, ಆಮೇಲೆ ಆದಿಲಶಾಹಿಗಳು ಕಾದಾಡಿದ್ದೇ ಕಾದಾಡಿದ್ದು. ಮುದಗಲ್ ಕೋಟೆ ಇವರ ಕೈಯಿಂದ ಅವರ ಕೈಗೆ, ಅವರ ಕೈಯಿಂದ ಇವರ ಕೈಗೆ ಹೋಗುತ್ತಲೇ ಇತ್ತು. ಬಾಗಿಲುಗಳ ಹತ್ತಿರ ಕನ್ನಡ ಶಾಸನವೂ ಇದೆ, ಪಾರಸಿ ಶಾಸನವೂ ಇದೆ. ಯಾರು ಗೆದ್ದರೋ ಅವರು ಬರೆಸಿದರು, ಸೋತವರದನ್ನು ಪೂರಾ ಅಳಿಸಲಿಲ್ಲ ನೋಡು.

ಫಿರಿಸ್ತಾ ಎಂಬ ಇತಿಹಾಸಕಾರ ಈ ಊರಿನ ಅಕ್ಕಸಾಲಿಗನ ಮಗಳೊಬ್ಬಳ ಕತೆ ಬರೆದಿದ್ದಾನೆ. ಆಕೆಯ ಚೆಲುವಿನ ಸುದ್ದಿ ವಿಜಯನಗರದ ದೇವರಾಯನ ಕಿವಿಗೆ ಬಿದ್ದು, ಆಭರಣ ಕಳಿಸಿ ಕೇಳಿದನಂತೆ. ತಂದೆತಾಯಿ ಹಿಗ್ಗಿದರು. ಹುಡುಗಿ ಒಲ್ಲೆ ಅಂದಳು. ರಾಜ ದಂಡು ಕಳಿಸಿದ, ಮನೆಯವರು ಅಷ್ಟೊತ್ತಿಗೆ ಊರು ಬಿಟ್ಟಿದ್ದರು. ದಂಡು ಸುತ್ತಲ ಹಳ್ಳಿಗಳನ್ನು ಸುಲಿಯಿತು. ಅದೇ ನೆಪದಲ್ಲಿ 1406ರ ಸುಮಾರಿಗೆ ಫಿರೋಜ್ ಶಾ ಬಹಮನಿ ಏರಿ ಬಂದ. ಕತೆಯಲ್ಲಿ ಎಷ್ಟು ಉಪ್ಪು, ಎಷ್ಟು ಖಾರ ಅಂತ ನಾನು ಪ್ರಮಾಣ ಮಾಡುವುದಿಲ್ಲ, ಆಸ್ಥಾನದವರ ಬರಹ ಅದು. ಆದರೆ ಸುಲ್ತಾನ, ರಾಯ ಇಬ್ಬರ ನಡುವೆ ನಿಂತು ಒಲ್ಲೆ ಅಂದ ಆ ಹುಡುಗಿ ನನಗೆ ಇಷ್ಟ. ಕೋಟೆ ನೋಡುವಾಗ ತೋಪು, ಬುರುಜು ಆದ ಮೇಲೆ ಆಕೆಯ ಓಣಿ ಎಲ್ಲಿದ್ದೀತು ಅಂತಲೂ ಒಮ್ಮೆ ಕಣ್ಣಾಡಿಸು.

ಆದರೆ ಮುದಗಲ್ ಬರೀ ಕೋಟೆಯಲ್ಲ, ಮೊಹರಂ. ಅಲ್ಲಿಯ ಹುಸೇನಿ ಆಲಂ ದೇವರಿಗೆ ಹರಕೆ ಹೊತ್ತು ಬರುವವರಲ್ಲಿ ಹಿಂದೂಗಳೇ ಎಷ್ಟೋ ಮಂದಿ. ಅಲಾಯಿ ಕುಣಿಯ ಸುತ್ತ ಹೆಜ್ಜೆ ಹಾಕುತ್ತಾರೆ, ರಿವಾಯತ್ ಪದ ಹಾಡುತ್ತಾರೆ, ಹರಕೆಗೆ ಫಕೀರರಾಗುತ್ತಾರೆ, ಹುಲಿವೇಷ ಹಾಕುತ್ತಾರೆ. ಕತಲ್ ರಾತ್ರಿ ಊರಿಗೆ ಊರೇ ನಿದ್ದೆ ಮಾಡುವುದಿಲ್ಲ. ಚಾಂದ್ರಮಾನದ ಲೆಕ್ಕವಾದ್ದರಿಂದ ಹಬ್ಬ ವರ್ಷವರ್ಷ ಹತ್ತು-ಹನ್ನೊಂದು ದಿನ ಹಿಂದೆ ಸರಿಯುತ್ತದೆ, ದಿನ ವಿಚಾರಿಸಿಕೊಂಡು ಹೊರಡು.

ಇಲ್ಲಿಗೆ ಬಂದ ಹೊರಗಿನ ಹುಡುಗರನ್ನು ನಾನು ನೋಡಿದ್ದೇನೆ. ದೇವರು ಮೈಮೇಲೆ ಬಂದವನ ಮುಖಕ್ಕೆ ಮೊಬೈಲು ಹಿಡಿಯುತ್ತಾರೆ. ಅತ್ತು ಬೇಡಿಕೊಳ್ಳುವ ಹೆಂಗಸಿನ ಎದುರು ನಿಂತು ವಿಡಿಯೊ ಮಾಡುತ್ತಾರೆ. ಯಾರೋ ಗದರಿದರೆ, "ನಾವು ನಿಮ್ಮ ಕಲ್ಚರ್ ಪ್ರಮೋಟ್ ಮಾಡ್ತೀವಿ" ಅಂತ ಉತ್ತರ. ಆಕೆ ಮಗುವಿನ ಜ್ವರ ಬಿಡಲಿ ಅಂತ ಬಂದವಳು, ನಿನ್ನ ಪ್ರಮೋಷನ್ ಯಾರಿಗೆ ಬೇಕು? ನೀನು ಹಾಗೆ ಮಾಡಬೇಡ. ಚಪ್ಪಲಿ ದೂರ ಬಿಡು. ಮೊದಲ ಒಂದು ತಾಸು ಫೋನು ಜೇಬಿನಲ್ಲೇ ಇರಲಿ. ಹಲಗೆಯ ಪೆಟ್ಟಿಗೆ ಕಿವಿ ಕೊಟ್ಟು, ಯಾರು ಎಲ್ಲಿ ನಿಲ್ಲುತ್ತಾರೆ, ಯಾರು ಯಾರಿಗೆ ದಾರಿ ಬಿಡುತ್ತಾರೆ ಅಂತ ನೋಡು. ಆಮೇಲೆ ಪಕ್ಕದವನನ್ನು ಮಾತಾಡಿಸು. ಆ ಊರ ಮಂದಿ ಮಾತಿಗೆ ಜಿಪುಣರಲ್ಲ. ಯಾರಾದರೂ ಮನೆಗೆ ಕರೆದು ಚೊಂಗೆ ಕೊಟ್ಟರೆ ತಿನ್ನು, ಡಯಟ್ ಅಂತ ಮೂಗು ಮುರಿಯಬೇಡ. ಬೆಲ್ಲ ಹಚ್ಚಿದ ಆ ರೊಟ್ಟಿಗೆ ಬೇಡ ಅನ್ನುವವನು ನನ್ನ ಲೆಕ್ಕದಲ್ಲಿ ಪ್ರವಾಸಿಯೇ ಅಲ್ಲ.

ಇದೇ ಊರಲ್ಲಿ ಬಹಳ ಹಳೆಯ ಕ್ರೈಸ್ತ ಓಣಿಯೂ ಇದೆ, ಚರ್ಚೂ ಇದೆ. ಕನ್ನಡದಲ್ಲೇ ಪ್ರಾರ್ಥನೆ ಕೇಳಬೇಕಾದರೆ ಭಾನುವಾರ ಹೋಗು, ಹಿಂದಿನ ಸಾಲಿನಲ್ಲಿ ಕೂಡು.

ಲಿಂಗಸುಗೂರನ್ನು ನಾನು ಬಸ್ಸು ಬದಲಿಸುವ ಊರು ಅಂದರೆ ಅಲ್ಲಿಯವರು ಸಿಟ್ಟಾಗುತ್ತಾರೆ, ನ್ಯಾಯವೇ. ನಿಜಾಮರ ಕಾಲದಲ್ಲಿ ಅದು ಜಿಲ್ಲಾ ಕೇಂದ್ರ, ದಂಡಿನ ಊರು. 1905ರಲ್ಲಿ ಜಿಲ್ಲೆ ಒಡೆದು ರಾಯಚೂರು, ಗುಲ್ಬರ್ಗಾಕ್ಕೆ ಹಂಚಿದರು. ಆದರೂ ನೀನು ಅಲ್ಲಿ ಬಸ್ಸೇ ಬದಲಿಸುತ್ತೀ, ಸುಮ್ಮನೆ ಯಾಕೆ ಸುಳ್ಳು. ಒಂದು ಪ್ಲೇಟ್ ಒಗ್ಗರಣಿ-ಮಿರ್ಚಿ ತಿಂದು ಮುಂದೆ ಹೋಗು.

ಇನ್ನು ನಿನ್ನ ಸ್ವಂತ ಸಿಂಧನೂರು. ತುಂಗಭದ್ರಾ ಎಡದಂಡೆ ಕಾಲುವೆಗೆ ನೀರು ಬಂದ ಮೇಲೆ ಜೋಳದ ಸೀಮೆ ಭತ್ತದ ಸೀಮೆ ಆಯಿತು. ಕರಾವಳಿ ಆಂಧ್ರದಿಂದ ಬಂದವರು ಜಮೀನು ಹಿಡಿದು ಕ್ಯಾಂಪು ಕಟ್ಟಿದರು. ಪೂರ್ವ ಪಾಕಿಸ್ತಾನದಿಂದ ಎಲ್ಲ ಬಿಟ್ಟು ಬಂದ ಬಂಗಾಳಿ ಕುಟುಂಬಗಳನ್ನು ಸರ್ಕಾರ ಆರ್.ಎಚ್. ಕ್ಯಾಂಪುಗಳಲ್ಲಿ ನೆಲೆಗೊಳಿಸಿತು. ನೀನು ದುರ್ಗಾಪೂಜೆ ನೋಡಲು ಕೋಲ್ಕತ್ತಾಕ್ಕೆ ಹೋಗುವ ಮಾತಾಡುತ್ತಿದ್ದೆ. ಬೈಕಿಗೆ ಅರ್ಧ ಲೀಟರ್ ಪೆಟ್ರೋಲ್ ಹಾಕಿಸಿದರೆ ಪೂಜೆ ಇಲ್ಲೇ ಸಿಗುತ್ತದೆ. ಶಂಖದ ಬಳೆ ತೊಟ್ಟ ಅಜ್ಜಿ ಮೀನಿನ ಸಾರು ಕುದಿಸುತ್ತ ಬಂಗಾಳಿಯಲ್ಲಿ ಮೊಮ್ಮಗನನ್ನು ಬೈಯುತ್ತಾಳೆ, ಅವನು ನಮ್ಮ ರಾಯಚೂರು ಕನ್ನಡದಲ್ಲಿ ಎದುರುತ್ತರ ಕೊಡುತ್ತಾನೆ. ಹೋದರೆ ಒಂದು ಪ್ರಶ್ನೆ ಮಾತ್ರ ಕೇಳಬೇಡ: ನಿಮ್ಮ ಊರು ಯಾವುದು ಅಂತ. ಆ ಹುಡುಗ ಹುಟ್ಟಿದ್ದು ಇಲ್ಲೇ, ಸಿಂಧನೂರು ಸರ್ಕಾರಿ ಆಸ್ಪತ್ರೆಯಲ್ಲಿ. ಅದರ ಬದಲು ಈ ಸಲ ನಾಟಿ ಯಾವಾಗ ಮುಗಿಯಿತು, ಭತ್ತಕ್ಕೆ ಕ್ವಿಂಟಲಿಗೆ ಏನು ಸಿಕ್ಕಿತು ಅಂತ ಕೇಳು. ಮಾತು ತಾನಾಗಿ ಬಿಚ್ಚಿಕೊಳ್ಳುತ್ತದೆ. ಈ ಪ್ರಶ್ನೆ ವಿಯೆಟ್ನಾಮಿನಲ್ಲೂ ನಡೆಯುತ್ತದೆ, ಬರೆದಿಟ್ಟುಕೋ. ಅಲ್ಲಿಯವರೂ ಮೊಣಕಾಲು ಕೆಸರಿನಲ್ಲಿ ನಿಂತು ಸಸಿ ನೆಡುವವರೇ.

ನವರಾತ್ರಿಯಲ್ಲಿ ನಿಮ್ಮ ಅವ್ವ ದೇವಿ ಪುರಾಣ ಕೇಳಲು ಹೋಗುತ್ತಾಳಲ್ಲ, ಅದನ್ನು ಬರೆದ ಚಿದಾನಂದಾವಧೂತರು ಇದ್ದದ್ದು ಇದೇ ತಾಲ್ಲೂಕಿನ ಸೋಮಲಾಪುರದ ಸಿದ್ಧಪರ್ವತದಲ್ಲಿ, ಅಂಬಾಮಠದಲ್ಲಿ. ಉತ್ತರ ಕರ್ನಾಟಕದ ಊರೂರಲ್ಲಿ ಓದುವ ಪುರಾಣ ನಮ್ಮ ಗುಡ್ಡದಿಂದ ಹೊರಟದ್ದು. ಬನದ ಹುಣ್ಣಿಮೆಯ ಜಾತ್ರೆಗೆ ಹೋಗು. ಆದರೆ ಜಾತ್ರೆ ನೋಡಲು ಕಾರು ತರಬೇಡ, ಚಕ್ಕಡಿಯ ಹಿಂದೆ ಸಿಕ್ಕಿ ಹಾರ್ನ್ ಒತ್ತುತ್ತ ಕೂರುತ್ತೀ.

ಇದನ್ನೆಲ್ಲ ನೋಡಿದ ಮೇಲೆ ದಾ ನಾಂಗಿಗೆ ಹೋಗು. ಆಗ ಅಲ್ಲಿ ನಿನ್ನ ಕಣ್ಣೇ ಬೇರೆ. ಎಲ್ಲರೂ ಹೊಯ್ ಆನ್‌ನಲ್ಲಿ ದರ್ಜಿಯ ಕೈಲಿ ಕೋಟು ಹೊಲಿಸಿಕೊಂಡು ಬರುತ್ತಾರೆ. ನೀನು ಒಂದು ದಿನ ಮೀ ಸನ್‌ಗೆ ಹೋಗು. ಚಂಪಾ ರಾಜರು ಶಿವನಿಗೆ ಕಟ್ಟಿಸಿದ ಇಟ್ಟಿಗೆಯ ಗುಡಿಗಳ ಕಣಿವೆ ಅದು. ಭದ್ರವರ್ಮ ಎಂಬ ರಾಜ ತನ್ನ ದೇವರಿಗೆ ಭದ್ರೇಶ್ವರ ಅಂತ ಹೆಸರಿಟ್ಟ. ಸಂಸ್ಕೃತದ ಶಾಸನಗಳಿವೆ. 1969ರಲ್ಲಿ ಅಮೆರಿಕದ ಬಾಂಬು ಬಿದ್ದು ಎಷ್ಟೋ ಗುಡಿ ಪುಡಿಯಾದವು. ಉಳಿದವನ್ನು ನೆಟ್ಟಗೆ ನಿಲ್ಲಿಸಲು ನಮ್ಮ ದೇಶದ ಪುರಾತತ್ವ ಇಲಾಖೆಯವರೂ ಹೋಗಿ ದುಡಿದಿದ್ದಾರೆ. 2020ರಲ್ಲಿ ಆ ಕೆಲಸದ ನಡುವೆಯೇ ಒಂಬತ್ತನೇ ಶತಮಾನದ ಒಂದೇ ಕಲ್ಲಿನ ಶಿವಲಿಂಗ ಮಣ್ಣಿನಿಂದ ಎದ್ದುಬಂತು. ಹಾಗಂತ ಅಲ್ಲಿ ನಿಂತು ಎಲ್ಲ ನಮ್ಮದೇ ಅಂತ ಗರ್ಜಿಸಬೇಡ. ಕಟ್ಟಿದವರು ಅವರು, ಅವರ ಇಟ್ಟಿಗೆ, ಅವರ ಕೈಚಳಕ. ದೇವರ ಹೆಸರು ಸಮುದ್ರ ದಾಟಿ ಹೋಗಿದೆ, ಅಷ್ಟೇ. ಮಸ್ಕಿಯ ಬಂಡೆಗೂ ರಾಜನ ಮಾತು ಬಹುದೂರದಿಂದ ಬಂದದ್ದು ಅನ್ನುವುದು ನಿನಗೀಗ ಗೊತ್ತಿದೆಯಲ್ಲ. ಹಾಗೇ ಹೇಳು, ಗೈಡು ಖುಷಿಪಡುತ್ತಾನೆ. ದಾ ನಾಂಗ್ ಊರೊಳಗೇ ಚಾಮ್ ಶಿಲ್ಪಗಳ ಮ್ಯೂಸಿಯಂ ಇದೆ. ಮೊದಲು ಅದನ್ನು ನೋಡಿ ಆಮೇಲೆ ಕಣಿವೆಗೆ ಹೋದರೆ ಕಲ್ಲುಗಳು ಸುಲಭಕ್ಕೆ ಅರ್ಥವಾಗುತ್ತವೆ.

ಪಗೋಡಾಕ್ಕೆ ಚಡ್ಡಿ ಹಾಕಿಕೊಂಡು ಹೋಗಬೇಡ, ಭುಜ, ಮೊಣಕಾಲು ಮುಚ್ಚಿರಲಿ. ಹೊಯ್ ಆನ್‌ಗೆ ಅಕ್ಟೋಬರ್, ನವೆಂಬರಿನಲ್ಲಿ ನೆರೆ ನುಗ್ಗುವುದುಂಟು, ಟಿಕೆಟಿನ ತಾರೀಖು ಇನ್ನೊಮ್ಮೆ ನೋಡಿಕೋ. ನಿನ್ನ ಜೊತೆ ಬರುವ ಆ ಸಸ್ಯಾಹಾರಿ ಗೆಳೆಯನಿಗೆ ಹೆದರಬೇಡ ಅನ್ನು. ಅಲ್ಲಿಯ ಬೌದ್ಧರು ಹುಣ್ಣಿಮೆ, ಪಾಡ್ಯಕ್ಕೆ ಮಾಂಸ ಬಿಡುತ್ತಾರೆ, ಸಸ್ಯಾಹಾರದ ಅಂಗಡಿಗಳಿವೆ. ಆದರೆ ಮೀನಿನ ರಸ ಎಲ್ಲೆಲ್ಲೂ ಬೀಳುತ್ತದೆ, ಕೇಳಿ ತಿನ್ನಲಿ. ಶೇಂಗಾ ಹಿಂಡಿ ಒಯ್ಯಿ, ಆದರೆ ಮೊದಲ ಊಟಕ್ಕೇ ಡಬ್ಬಿ ಬಿಚ್ಚಬೇಡ, ಅವರು ಬಡಿಸಿದ್ದನ್ನು ಮೊದಲು ತಿನ್ನು. ಖಡಕ್ ರೊಟ್ಟಿಯ ಒಂದು ಕಟ್ಟು ಮಾತ್ರ ಮನೆಯ ಯಜಮಾನಿಗೆ ಅಂತ ಬೇರೆ ಇಡು. ಅಲ್ಲಿ ನೂರು ರೂಪಾಯಿಗೆ ಹತ್ತಾರು ಸಾವಿರ ಡಾಂಗ್ ಬರುತ್ತದೆ. ಲಕ್ಷಾಧೀಶ ಆದೆ ಅಂತ ಮೊದಲ ದಿನವೇ ಎಗರಾಡಬೇಡ, ನೋಟಿನ ಸೊನ್ನೆ ಎಣಿಸಿ ಕೊಡು. ಪಾಸ್‌ಪೋರ್ಟಿನ ಜೆರಾಕ್ಸ್ ಒಂದನ್ನು ನಿಮ್ಮಪ್ಪನ ಕೈಗೆ ಕೊಟ್ಟು ಹೋಗು. ಮತ್ತೆ ಮಸ್ಕಿಗೆ ಈ ಭಾನುವಾರವೇ ಹೊರಡು, ಬಾಟಲಿಯಲ್ಲಿ ನೀರು ಎರಡು ಲೀಟರ್ ಇರಲಿ.